ಒಪ್ಪಿಸಿದ ವಸ್ತು, ಮರಳಿದ ವಸ್ತು: ಒಂದು ಟೈರಿನ ನಿಮಿತ್ತ ನಿಕ್ಷೇಪಧರ್ಮದ ವಿವೇಚನೆ

ಪರರ ವಸ್ತುವನ್ನು ಕೆಲಸಕ್ಕೆಂದು ಕೈಗೆ ತೆಗೆದುಕೊಂಡವನು ಅದಕ್ಕೆ ಎಷ್ಟರಮಟ್ಟಿಗೆ ಹೊಣೆಗಾರನೆಂಬ ಪ್ರಶ್ನೆ ಅಕ್ಕಸಾಲಿಗನ ಅಂಗಡಿಯಷ್ಟು ಹಳೆಯದು. ಬಳೆ ಮಾಡಿಸಲು ಚಿನ್ನ ಕೊಟ್ಟವರು, ಒಗೆಯಲು ಬಟ್ಟೆ ಕೊಟ್ಟವರು, ಇಂದು ಮೋಟಾರು ಕಾರನ್ನು ಸರ್ವೀಸಿಗೆ ಕೊಡುವವರು, ಎಲ್ಲರದೂ ಒಂದೇ ಸ್ಥಿತಿ. ವಸ್ತು ತಮ್ಮದು, ಅದಕ್ಕೆ ಒಳಗೆ ಏನಾಗುತ್ತಿದೆಯೆಂಬುದು ಮಾತ್ರ ತಮಗೆ ಕಾಣದು. ಈ ವಿಷಯವನ್ನು ಕುರಿತು ಬರೆಯಲು ನಮಗೆ ಒದಗಿದ ನಿಮಿತ್ತ ನಮ್ಮದೇ ಕಾರಿನ ಒಂದು ಟೈರು. ಪ್ರಸಂಗ ಅಲ್ಪವಾದರೂ ಸಾಕ್ಷ್ಯದ ವಿಚಾರದಲ್ಲಿ ಅದು ನಮಗೆ ಕಲಿಸಿದ್ದು ಕಡಮೆಯಲ್ಲವಾದುದರಿಂದ ಸಹೋದ್ಯೋಗಿಗಳ ಮುಂದೆಯೂ ವಿದ್ಯಾರ್ಥಿಗಳ ಮುಂದೆಯೂ ಇಡಲು ಧೈರ್ಯಮಾಡಿದ್ದೇವೆ.

ಕಳೆದ ವರ್ಷ ಮಳೆಗಾಲ ಕಳೆದ ಮೇಲೆ ಒಂದು ಶನಿವಾರ ಬೆಳಿಗ್ಗೆ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿರುವ ಒಂದು ಕಾರು ಮಾರಾಟಗಾರರ ಸರ್ವೀಸ್ ಕೇಂದ್ರಕ್ಕೆ ನಾವು ಕಾರನ್ನು ಒಪ್ಪಿಸಿದೆವು. ಕೇಂದ್ರದ ಹೆಸರು ಇಲ್ಲಿ ಅಪ್ರಸ್ತುತ. ವಾಡಿಕೆಯ ಸರ್ವೀಸಿನೊಡನೆ, ಎಡಗಡೆಯ ಹಿಂದಿನ ಚಕ್ರದಲ್ಲಿ ಗಾಳಿ ನಿಧಾನವಾಗಿ ಇಳಿಯುತ್ತಿದೆ, ನೋಡಿರೆಂದು ಹೇಳಿದ್ದೆವು. ಸಂಜೆ ಹಣ ಪಾವತಿಮಾಡಿ, ಗೇಟ್ ಪಾಸಿಗೆ ಸಹಿ ಹಾಕಿ, ಕಾರನ್ನು ಮನೆಗೆ ತಂದೆವು. ಭಾನುವಾರ ಮನೆಯವರೆಲ್ಲರೂ ಅದರಲ್ಲಿಯೇ ತೀರ್ಥಹಳ್ಳಿಗೆ ಹೋಗಿ ಬಂದದ್ದಾಯಿತು. ಸೋಮವಾರ ಭದ್ರಾವತಿಗೆ ಹೊರಟಾಗ ಗಾಳಿ ಹಾಕಿಸಲು ಪೆಟ್ರೋಲ್ ಬಂಕಿನ ಬಳಿ ನಿಂತೆವು. ಗಾಳಿ ಹಾಕುವ ಹುಡುಗ ಹಿಂದಿನ ಚಕ್ರದ ಮುಂದೆ ಕುಳಿತವನು ತಲೆಯೆತ್ತಿ, "ಸಾರ್, ಈ ಟೈರ್ ಎಲ್ಲಿ ಬಿಚ್ಚಿಸಿದ್ರಿ? ಸೈಡ್‌ವಾಲ್ ಹರ್ದಿದೆ ನೋಡಿ" ಎಂದ. ಟೈರಿನ ಹೊರಪಕ್ಕದಲ್ಲಿ, ರಿಮ್ಮಿನ ಅಂಚಿಗೆ ಸಮೀಪವಾಗಿ, ಬೆರಳುದ್ದದ ಒಂದು ಸೀಳು. ಅದರ ಆಳದಲ್ಲಿ ಬಿಳಿಯ ನೂಲುಗಳು ಕಾಣುತ್ತಿದ್ದವು. ಹಿಂದಿನ ದಿನ ಮಕ್ಕಳನ್ನು ಕೂರಿಸಿಕೊಂಡು ಇದೇ ಟೈರಿನ ಮೇಲೆ ಹೋಗಿ ಬಂದುದನ್ನು ನೆನೆದಾಗ ಆದ ಕಳವಳವನ್ನು ಇಲ್ಲಿ ವರ್ಣಿಸುವುದಿಲ್ಲ.

ಸರ್ವೀಸ್ ಕೇಂದ್ರದವರ ಉತ್ತರ ಸಂಕ್ಷಿಪ್ತವಾಗಿತ್ತು: "ಬರುವಾಗಲೇ ಹೀಗಿತ್ತು ಸಾರ್." ಇರಲಿಲ್ಲವೆಂದು ನಾವು. ಎರಡು ಹೇಳಿಕೆಗಳು, ಎರಡಕ್ಕೂ ಪ್ರತ್ಯಕ್ಷ ಸಾಕ್ಷಿಯಿಲ್ಲ. ಇಂಥ ಸನ್ನಿವೇಶದಲ್ಲಿ ಇತಿಹಾಸದ ವಿದ್ಯಾರ್ಥಿ ಮಾಡುವ ಕೆಲಸವನ್ನೇ ನಾವೂ ಮಾಡಿದೆವು. ಮೊದಲು ವಸ್ತುವನ್ನೂ ಅನಂತರ ದಾಖಲೆಯನ್ನೂ ಓದಲು ಕುಳಿತೆವು.

ವಸ್ತುವನ್ನು ಓದಬೇಕಾದರೆ ಅದರ ರಚನೆ ತಿಳಿದಿರಬೇಕು. ಗಾಳಿ ತುಂಬಿದ ಚಕ್ರಕ್ಕೆ ರಾಬರ್ಟ್ ಥಾಮ್ಸನ್ 1845ರಲ್ಲಿಯೇ ಪೇಟೆಂಟ್ ಪಡೆದಿದ್ದರೂ ಅದು ಬಳಕೆಗೆ ಬಂದದ್ದು 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಅದನ್ನು ಮತ್ತೆ ಕಂಡುಕೊಂಡ ಮೇಲೆ. ಇಂದಿನ ಕಾರುಗಳಲ್ಲಿರುವುದು ಫ್ರಾನ್ಸಿನ ಮಿಶೆಲಿನ್ ಸಂಸ್ಥೆ 1946ರಲ್ಲಿ ಪೇಟೆಂಟ್ ಪಡೆದ ರೇಡಿಯಲ್ ಜಾತಿಯದು. ಇದರಲ್ಲಿ ನೆಲಕ್ಕೆ ತಾಗುವ ಭಾಗದ ಕೆಳಗೆ ಉಕ್ಕಿನ ತಂತಿಗಳ ಪಟ್ಟಿಯಿರುತ್ತದೆ. ಪಕ್ಕದ ಗೋಡೆಯಲ್ಲಿ ಉಕ್ಕಿಲ್ಲ, ಒಂದೆರಡು ಪದರ ನೂಲು ಮಾತ್ರ. ಒಳಗಿನ ಗಾಳಿಯ ಒತ್ತಡವನ್ನೂ ಕಾರಿನ ಭಾರವನ್ನೂ ತಡೆದು ನಿಂತಿರುವುದು ಆ ನೂಲು. ಆದಕಾರಣ ನೆಲಕ್ಕೆ ತಾಗುವ ಭಾಗದಲ್ಲಿ ಮೊಳೆ ಚುಚ್ಚಿದರೆ ಪಂಕ್ಚರ್ ಹಾಕಿಸಿ ಸಾಗಬಹುದು. ಪಕ್ಕದ ಗೋಡೆಯಲ್ಲಿ ನೂಲು ಕಡಿದರೆ ಅದಕ್ಕೆ ದುರಸ್ತಿಯಿಲ್ಲ. ವೇಗದಲ್ಲಿರುವಾಗ ಅದು ಯಾವ ಗಳಿಗೆಯಲ್ಲಾದರೂ ಒಡೆಯಬಹುದು. ಟೈರಿನ ಒಳ ಅಂಚಿಗೆ ಬೀಡ್ ಎನ್ನುತ್ತಾರೆ. ಅದರೊಳಗಿನ ಉಕ್ಕಿನ ಬಳೆ ರಿಮ್ಮನ್ನು ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಟೈರನ್ನು ರಿಮ್ಮಿನಿಂದ ಬಿಡಿಸಲು ಮೊದಲು ಈ ಕಚ್ಚನ್ನು ಸಡಿಲಿಸಬೇಕು. ಯಂತ್ರದ ಸನಿಕೆಯಂಥ ಒಂದು ಅಲಗು ರಿಮ್ಮಿನ ಅಂಚಿನ ಪಕ್ಕದಲ್ಲಿಯೇ ಟೈರನ್ನು ಒತ್ತುತ್ತದೆ. ಅಲಗು ತುಸು ಓರೆಯಾಗಿ ಕುಳಿತರೆ, ಅಥವಾ ಸಾಬೂನು ನೀರು ಸವರದೆ ಒಣಗಿದ ಅಂಚನ್ನು ಲಿವರಿನಿಂದ ಎಬ್ಬಿಸಿದರೆ, ಪೆಟ್ಟು ಬೀಳುವುದು ಗೋಡೆಯ ಮೇಲೆ.

ನಮ್ಮ ಟೈರಿನಲ್ಲಿ ಮೂರು ಲಕ್ಷಣಗಳು ಕಂಡವು. ಸೀಳು ಬೀಡಿಗೆ ತೀರ ಹತ್ತಿರವಿತ್ತು. ಅದರ ಎದುರಿಗೇ ರಿಮ್ಮಿನ ಅಂಚಿನಲ್ಲಿ ಹೊಳೆಯುವ ಗೀರೊಂದಿತ್ತು. ಸೀಳಿನ ಒಳಗಿನ ರಬ್ಬರು ಅಚ್ಚ ಕಪ್ಪಾಗಿತ್ತು. ಹಳೆಯ ಗಾಯವಾಗಿದ್ದರೆ ಮಲೆನಾಡಿನ ಸೆರಗಿನ ಕೆಂಪು ಧೂಳು ಅದರಲ್ಲಿ ಕೂತಿರುತ್ತಿತ್ತು. ರಸ್ತೆಯ ಗುಂಡಿಗೆ ಬಿದ್ದ ಟೈರಿನ ಲಕ್ಷಣ ಬೇರೆ. ಅಲ್ಲಿ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಗೋಡೆ ಸಿಕ್ಕಿಕೊಂಡು ಒಳಗೆ ನೂಲು ತುಂಡಾಗುತ್ತದೆ. ಹೊರಗೆ ಸಾಮಾನ್ಯವಾಗಿ ಬುಗುಟು ಏಳುತ್ತದೆ. ನಮ್ಮದರಲ್ಲಿ ಬುಗುಟು ಇರಲಿಲ್ಲ.

ಆದರೂ ನಮಗೆ ಪ್ರತಿಕೂಲವಾದುದನ್ನು ಮುಚ್ಚಿಡಬಾರದು. ಕಾರನ್ನು ಪಡೆದ ಮೇಲೆ ನಾವು ನೂರು ಕಿಲೋಮೀಟರಿಗೂ ಹೆಚ್ಚು ದೂರ ಓಡಿಸಿದ್ದೆವು. ತೀರ್ಥಹಳ್ಳಿಯ ದಾರಿಯಲ್ಲಿ ಚೂಪಾದ ಕಲ್ಲೊಂದು ಅಲ್ಲಿಗೇ ತಾಗಿರಲಾರದೆಂದು ಪ್ರಮಾಣಮಾಡಿ ಹೇಳಲು ನಮ್ಮಿಂದಾಗದು. ಗಾಯ ಹೊಸದೆಂಬುದು ಸಿದ್ಧವಾಗಿತ್ತು. ಶನಿವಾರದ್ದೋ ಭಾನುವಾರದ್ದೋ ಎಂಬುದನ್ನು ರಬ್ಬರು ಹೇಳಲೊಲ್ಲದು. ಇಲ್ಲಿ ನೆರವಿಗೆ ಬಂದದ್ದು ದಾಖಲೆ. ಬಿಲ್ಲಿನ ಹನ್ನೊಂದನೆಯ ಸಾಲಿನಲ್ಲಿ "ವಾಲ್ವ್ 1" ಎಂದಿತ್ತು. ಎಂಜಿನ್ ಆಯಿಲ್ ಬದಲಿಸಲು ಟೈರನ್ನು ಬಿಚ್ಚಬೇಕಾಗಿಲ್ಲ. ವೀಲ್ ಬ್ಯಾಲೆನ್ಸಿಂಗಿಗೂ ಚಕ್ರವನ್ನು ಕಾರಿನಿಂದ ಕಳಚಿದರೆ ಸಾಕು, ಟೈರು ರಿಮ್ಮಿನ ಮೇಲೆಯೇ ಇರುತ್ತದೆ. ಟ್ಯೂಬ್‌ಲೆಸ್ ಟೈರಿನ ರಬ್ಬರು ವಾಲ್ವನ್ನು ಬದಲಿಸಬೇಕಾದರೆ ಮಾತ್ರ ಹೊರಪಕ್ಕದ ಬೀಡನ್ನು ಯಂತ್ರದಿಂದ ಒತ್ತಿ ಬಿಡಿಸಲೇಬೇಕು. ಹೊಸ ವಾಲ್ವು ಇದ್ದದ್ದು ಆ ಚಕ್ರದಲ್ಲಿಯೇ. ಹನ್ನೊಂದನೆಯ ಸಾಲನ್ನು ಬರೆದವರಿಗೆ ಅದು ಕೆಲವು ರೂಪಾಯಿಗಳ ಒಂದು ಬಾಬ್ತು. ನಮಗೆ, ಆ ದಿನ ಆ ಟೈರಿನ ಆ ಪಕ್ಕಕ್ಕೆ ಯಂತ್ರ ತಾಗಿತೆಂಬುದಕ್ಕೆ ಅದೊಂದೇ ಲಿಖಿತ ಸಾಕ್ಷ್ಯ. ಶಾಸನದ ದಾನವನ್ನು ಬಿಟ್ಟು ಅದರ ಗಡಿಕಲ್ಲುಗಳ ವಿವರದಿಂದ ಊರಿನ ಇತಿಹಾಸವನ್ನು ತೆಗೆಯುವವರಿಗೆ ಈ ಬಗೆಯ ಓದು ಹೊಸತೇನಲ್ಲ.

ಉಳಿದ ಎರಡು ದಾಖಲೆಗಳು ಇಷ್ಟು ಉಪಕಾರಿಗಳಾಗಿರಲಿಲ್ಲ. ಬೆಳಿಗ್ಗೆ ಬರೆದ ಜಾಬ್ ಕಾರ್ಡಿನಲ್ಲಿ ಕಾರಿನ ರೇಖಾಚಿತ್ರವಿದ್ದು, ಮುಂದಿನ ಬಂಪರಿನ ಗೀರನ್ನೂ ಬಲಬಾಗಿಲಿನ ತಗ್ಗನ್ನೂ ಶ್ರದ್ಧೆಯಿಂದ ಗುರುತಿಸಿದ್ದರು. ಟೈರುಗಳ ಅಂಕಣ ಖಾಲಿಯಾಗಿತ್ತು. ಸಂಜೆಯ ಗೇಟ್ ಪಾಸಿನಲ್ಲಿ, ವಾಹನವನ್ನು ತೃಪ್ತಿಕರವಾದ ಸ್ಥಿತಿಯಲ್ಲಿ ಪಡೆದಿರುವುದಾಗಿ ಅಚ್ಚಾದ ವಾಕ್ಯದ ಕೆಳಗೆ ನಮ್ಮ ಸಹಿಯಿತ್ತು. ಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯದ ಸಾಲುಗಳು ಎಲ್ಲೆಡೆಯೂ ಒಂದೇ ಅಚ್ಚಿನವಾದುದರಿಂದ ಆ ಊರಿನ ವಿಶೇಷ ಸಂಗತಿಗೆ ಅವು ಸಾಕ್ಷಿಯಾಗವೆಂದು ತರಗತಿಯಲ್ಲಿ ಹೇಳುವವರು ನಾವೇ. ಅಚ್ಚಾದ ತೃಪ್ತಿಯ ಕೆಳಗೆ ಓದದೆ ಸಹಿ ಹಾಕಿದವರೂ ನಾವೇ.

ಸವಳಂಗ ರಸ್ತೆಯಲ್ಲಿಯೇ ಮುಂದುವರಿದು, ನವುಲೆಯನ್ನೂ ಸವಳಂಗವನ್ನೂ ದಾಟಿ ಶಿಕಾರಿಪುರಕ್ಕೆ ಹೋದರೆ ಅಲ್ಲಿಂದ ಬಳ್ಳಿಗಾವೆ ದೂರವಲ್ಲ. ಅಲ್ಲಿಯ ಕೋಡಿಯ ಮಠದಲ್ಲಿ ಯಾವ ಯಾವ ವಿದ್ಯೆಗಳ ವ್ಯಾಸಂಗ ನಡೆಯುತ್ತಿತ್ತೆಂಬುದನ್ನು 1162ರ ಶಾಸನ ಉದ್ದವಾಗಿ ಪಟ್ಟಿಮಾಡುತ್ತದೆ. ವೇದ, ವ್ಯಾಕರಣ, ತರ್ಕಗಳೊಡನೆ ಧರ್ಮಶಾಸ್ತ್ರವೂ ಅದರಲ್ಲಿದೆ. ಆ ಶಾಸನಕ್ಕಿಂತ ಮುಂಚೆಯೇ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126), ವಿಜ್ಞಾನೇಶ್ವರನು ಕಲ್ಯಾಣದಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರ' ಎಂಬ ವ್ಯಾಖ್ಯಾನವನ್ನು ಬರೆದಿದ್ದನು. ದಾಯವಿಭಾಗದ ವಿಷಯದಲ್ಲಿ ಬ್ರಿಟಿಷ್ ನ್ಯಾಯಾಲಯಗಳು ಅದನ್ನು ಪ್ರಮಾಣವಾಗಿ ಹಿಡಿದುದರಿಂದ ಆ ಭಾಗವೊಂದೇ ಜಗತ್ಪ್ರಸಿದ್ಧವಾಯಿತು. ಪರರ ವಸ್ತುವನ್ನು ಇರಿಸಿಕೊಂಡವನ ಹೊಣೆಯನ್ನು ಕುರಿತ ಪ್ರಕರಣವನ್ನು ಓದುವವರು ವಿರಳ. ನಮ್ಮ ಪ್ರಶ್ನೆಗೆ ಬೇಕಾದುದು ಅದೇ.

ಅಲ್ಲಿ ವಿಜ್ಞಾನೇಶ್ವರನು ನಾರದನ ಮಾತನ್ನು ಆಧಾರವಾಗಿ ತೆಗೆದುಕೊಂಡು ಒಂದು ಭೇದವನ್ನು ಹೇಳುತ್ತಾನೆ. ಒಳಗೇನಿದೆಯೆಂದು ಎಣಿಸದೆ, ತಿಳಿಸದೆ, ಮುದ್ರೆಯೊತ್ತಿ ಕೊಟ್ಟದ್ದು ಉಪನಿಧಿ. ಎಣಿಸಿ ಒಪ್ಪಿಸಿದ್ದು ನಿಕ್ಷೇಪ. ಎರಡನ್ನೂ ಕೊಟ್ಟ ಹಾಗೆಯೇ ಹಿಂದಿರುಗಿಸಬೇಕು. ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ನಷ್ಟವಾದರೆ ಇರಿಸಿಕೊಂಡವನು ಕೊಡಬೇಕಾಗಿಲ್ಲ. ಕೇಳಿದಾಗ ಕೊಡದೆ ಆಮೇಲೆ ನಷ್ಟವಾದರೆ ಬೆಲೆಯನ್ನೂ ಅಷ್ಟೇ ದಂಡವನ್ನೂ ತೆರಬೇಕು. ಈ ವಿಧಿ ಬೇರೆ ಯಾವುದಕ್ಕೆಲ್ಲ ಅನ್ವಯಿಸುತ್ತದೆಂದು ಸ್ಮೃತಿ ಹೇಳುವಲ್ಲಿ 'ಆದಿ' ಎಂಬ ಶಬ್ದ ಬರುತ್ತದೆ. ವ್ಯಾಖ್ಯಾನಕಾರನು ಅದನ್ನು ಬಿಡಿಸುತ್ತ, ಬಳೆ ಮುಂತಾದುವನ್ನು ಮಾಡಲು ಅಕ್ಕಸಾಲಿಗ ಮೊದಲಾದವರ ಕೈಗೆ ಕೊಟ್ಟ ಚಿನ್ನವೂ ಇದರಲ್ಲಿ ಸೇರುತ್ತದೆ ಎನ್ನುತ್ತಾನೆ. ಕಾರ್ಖಾನೆಯ ಬಾಗಿಲು ನಿಕ್ಷೇಪಧರ್ಮಕ್ಕೆ ತೆರೆದುಕೊಂಡದ್ದು ಆ ಒಂದು ಶಬ್ದದಿಂದ.

ಈ ಭೇದವನ್ನು ನಮ್ಮ ಜಾಬ್ ಕಾರ್ಡಿನ ಪಕ್ಕದಲ್ಲಿಟ್ಟು ನೋಡಿದಾಗ ಜಗಳದ ಬೇರು ಸ್ಪಷ್ಟವಾಯಿತು. ಒಂದೇ ಕಾರನ್ನು ನಾವು ಎರಡು ಬಗೆಯಾಗಿ ಒಪ್ಪಿಸಿದ್ದೆವು. ಬಂಪರು, ಬಾಗಿಲುಗಳ ಬಣ್ಣ ಎಣಿಸಿ ಕೊಟ್ಟ ನಿಕ್ಷೇಪ. ನಾಲ್ಕು ಟೈರುಗಳು ಎಣಿಸದೆ ಕೊಟ್ಟ ಉಪನಿಧಿ. ಉಪನಿಧಿಗಾದರೂ ಮುದ್ರೆಯಿರುತ್ತಿತ್ತು, ಒಡೆದರೆ ಗೊತ್ತಾಗುತ್ತಿತ್ತು. ನಮ್ಮದಕ್ಕೆ ಅದೂ ಇರಲಿಲ್ಲ.

ಕೆಲಸದ ನಡುವೆ ಆಗುವ ಹಾನಿಯನ್ನು ಕುರಿತು ಪ್ರಾಚೀನರು ಹೆಚ್ಚಾಗಿ ಆಲೋಚಿಸಿರುವುದು ಬಟ್ಟೆ ಒಗೆಯುವ ವೃತ್ತಿಯ ಪ್ರಸಂಗದಲ್ಲಿ. ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಬಟ್ಟೆಯನ್ನು ಮರದ ಹಲಗೆಯ ಮೇಲೋ ನುಣುಪಾದ ಕಲ್ಲಿನ ಮೇಲೋ ಒಗೆಯಬೇಕೆಂದೂ ಬೇರೆಡೆ ಒಗೆದು ಹಾಳುಮಾಡಿದರೆ ಬಟ್ಟೆಯ ಹಾನಿಯನ್ನೂ ಆರು ಪಣ ದಂಡವನ್ನೂ ತೆರಬೇಕೆಂದೂ ವಿಧಿಸಿದೆ. ಒರಟು ಕಲ್ಲಿಗೆ ಬಡಿದ ಸೀರೆಗೂ ಸಾಬೂನು ನೀರು ಕಾಣದೆ ಎಬ್ಬಿಸಿದ ಟೈರಿಗೂ ಇರುವ ಸಾದೃಶ್ಯವನ್ನು ವಾಚಕರು ತಾವೇ ಕಾಣಬಲ್ಲರು. ಇಲ್ಲಿ ನಾವು ಗಮನಿಸಬೇಕಾದುದೆಂದರೆ, ಹಾನಿ ಯಾರಿಂದಾಯಿತೆಂದು ಆಮೇಲೆ ಹುಡುಕುವ ಬದಲು ಸಲಕರಣೆ ಹೇಗಿರಬೇಕೆಂದು ಮೊದಲೇ ಗೊತ್ತುಮಾಡಿರುವ ರೀತಿ.

ಇಂದಿನ ಕಾನೂನು ಬಂದ ದಾರಿ ಬೇರೆ. ಲಂಡನ್ನಿನಲ್ಲಿ ಒಂದು ನೆಲಮಾಳಿಗೆಯಿಂದ ಇನ್ನೊಂದಕ್ಕೆ ಬ್ರಾಂದಿಯ ಪೀಪಾಯಿಗಳನ್ನು ಸಾಗಿಸುವಾಗ ಒಂದು ಒಡೆದುಹೋದ ಮೊಕದ್ದಮೆಯಲ್ಲಿ, 1703ರಲ್ಲಿ, ಮುಖ್ಯ ನ್ಯಾಯಮೂರ್ತಿ ಹೋಲ್ಟ್ ಅವರು ರೋಮನ್ ನ್ಯಾಯದ ನೆರವಿನಿಂದ ಈ ಹೊಣೆಯ ಬಗೆಗಳನ್ನು ವಿಂಗಡಿಸಿದರು. ಆ ಪರಂಪರೆಯ ಸಾರ 1872ರ ಭಾರತೀಯ ಕರಾರು ಕಾಯಿದೆಯಲ್ಲಿ ಬೇಲ್‌ಮೆಂಟ್ ಎಂಬ ಹೆಸರಿನಿಂದ ಸೇರಿತು. ಅದರ 151ನೆಯ ಪ್ರಕರಣದಂತೆ, ವಸ್ತುವನ್ನು ಇರಿಸಿಕೊಂಡವನು ಸಾಮಾನ್ಯ ವಿವೇಕವುಳ್ಳ ಮನುಷ್ಯನು ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರವನ್ನು ವಹಿಸಬೇಕು. 152ರಂತೆ, ಅಷ್ಟು ವಹಿಸಿದ್ದರೆ ವಿಶೇಷ ಕರಾರಿಲ್ಲದಿರುವಾಗ ನಷ್ಟಕ್ಕೆ ಹೊಣೆಯಲ್ಲ. 170ನೆಯ ಪ್ರಕರಣ ಕೆಲಸಗಾರನಿಗೂ ರಕ್ಷೆ ಕೊಡುತ್ತದೆ: ಶ್ರಮ ಅಥವಾ ಕೌಶಲವನ್ನು ವಿನಿಯೋಗಿಸಿದವನು ತನ್ನ ಕೂಲಿ ಸಲ್ಲುವವರೆಗೆ ವಸ್ತುವನ್ನು ತಡೆಹಿಡಿಯಬಹುದು. ಹಣವೂ ಸಹಿಯೂ ಮೊದಲು, ಕಾರಿನ ದರ್ಶನ ಆಮೇಲೆ ಎಂಬ ಸರ್ವೀಸ್ ಕೇಂದ್ರಗಳ ವಾಡಿಕೆ ಈ ಹಕ್ಕಿನ ನೆರಳಿನಲ್ಲಿ ಬೆಳೆದದ್ದೆಂದು ನಮ್ಮ ಊಹೆ. ಹಣ ಕೊಡುವ ಮುನ್ನ ವಸ್ತುವನ್ನು ನೋಡಬಾರದೆಂದು ಮಾತ್ರ ಆ ಪ್ರಕರಣದಲ್ಲಿ ಎಲ್ಲಿಯೂ ಹೇಳಿಲ್ಲ.

ರುಜುವಾತಿನ ಭಾರ ಯಾರ ಮೇಲೆ? ಒಬ್ಬನಿಗೆ ವಿಶೇಷವಾಗಿ ತಿಳಿದಿರುವ ಸಂಗತಿಯನ್ನು ರುಜುವಾತುಪಡಿಸುವ ಹೊಣೆ ಅವನದೇ ಎಂಬುದು 1872ರ ಸಾಕ್ಷ್ಯ ಕಾಯಿದೆಯ 106ನೆಯ ಪ್ರಕರಣವಾಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 109ನೆಯದಾಗಿದೆ. ವರ್ಕ್‌ಷಾಪಿನ ಒಳಗೆ ನಡೆದದ್ದು ಒಳಗಿದ್ದವರಿಗೇ ಗೊತ್ತು. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ ನಿಲ್ಲಿಸಲು ಒಪ್ಪಿಸಿದ್ದ ಕಾರೊಂದು ಕಳವಾದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2019ರ ನವೆಂಬರಿನಲ್ಲಿ ಇದೇ ದಿಕ್ಕಿನಲ್ಲಿ ತೀರ್ಪಿತ್ತಿತು. ತೀರ್ಪನ್ನು ಬರೆದವರು ಕರ್ನಾಟಕದವರಾಗಿದ್ದ ನ್ಯಾಯಮೂರ್ತಿ ಮೋಹನ ಎಂ. ಶಾಂತನಗೌಡರ ಅವರು. ಕಾರನ್ನು ಒಪ್ಪಿಸಿದ್ದು ಸ್ಥಿರಪಟ್ಟ ಮೇಲೆ, ತನ್ನ ಅಲಕ್ಷ್ಯದಿಂದ ನಷ್ಟವಾಗಲಿಲ್ಲವೆಂದು ತೋರಿಸುವ ಮೊದಲ ಹೊಣೆ ಇರಿಸಿಕೊಂಡವನದು. ಚೀಟಿಯ ಮೇಲೆ 'ಮಾಲಿಕರ ಜವಾಬ್ದಾರಿ' ಎಂದು ಅಚ್ಚುಹಾಕಿದ ಮಾತ್ರಕ್ಕೆ ಅಲಕ್ಷ್ಯದ ಹೊಣೆ ಕಳಚುವುದಿಲ್ಲ. ಅದು ಕಳವಿನ ಪ್ರಕರಣ, ನಮ್ಮದು ಹಾನಿಯದು. ತತ್ತ್ವ ಒಂದೇ ಎಂದು ನಮ್ಮ ಗ್ರಹಿಕೆ. ಆದರೆ ಹಾನಿಯ ಪ್ರಸಂಗದಲ್ಲಿ ಒಂದು ಮೆಟ್ಟಲು ಹೆಚ್ಚಾಗಿದೆ. ಕಾರೇ ಇಲ್ಲವಾದರೆ ವಿವಾದವಿಲ್ಲ. ಗಾಯಗೊಂಡ ಟೈರು ಒಪ್ಪಿಸುವಾಗ ಸರಿಯಾಗಿತ್ತೆಂಬುದನ್ನು ಒಪ್ಪಿಸಿದವನೇ ಮೊದಲು ತೋರಿಸಬೇಕಾಗುತ್ತದೆ. ನಮ್ಮ ಬಳಿ ಇಲ್ಲದೆ ಹೋದದ್ದು ಆ ಮೆಟ್ಟಲೇ.

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಇಂಥ ಲೋಪ ಸೇವಾನ್ಯೂನತೆಯಾಗುತ್ತದೆ. ದೂರುದಾರನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು; ಕೊಟ್ಟ ಪ್ರತಿಫಲ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ನಾವು ಅಲ್ಲಿಯವರೆಗೆ ಹೋಗಲಿಲ್ಲ. ಬಿಲ್ಲಿನ ಹನ್ನೊಂದನೆಯ ಸಾಲನ್ನೂ ಟೈರಿನ ಚಿತ್ರಗಳನ್ನೂ ಲಗತ್ತಿಸಿ ಒಂದು ಪತ್ರ ಬರೆದೆವು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನೂ ನಮೂದಿಸಿದೆವು. 2321 ಎಂದಿದ್ದರೆ 2021ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಟೈರನ್ನು ನಾವೇ ಬದಲಿಸಿ ತಂದೆವೆಂಬ ಮಾತಿಗೆ ಅವಕಾಶವಿರಬಾರದಷ್ಟೆ. ವಾರದೊಳಗೆ ಕೇಂದ್ರದ ಮೇಲಧಿಕಾರಿಗಳು ನಮ್ಮನ್ನು ಬರಹೇಳಿದರು. ತಪ್ಪೊಪ್ಪಿಗೆಯಿಲ್ಲ, ಬೆಲೆಯನ್ನು ಹಂಚಿಕೊಳ್ಳೋಣವೆಂಬ ಸೂಚನೆ.

ಹಂಚುವುದು ಹೇಗೆಂಬಲ್ಲಿ ವಿಜ್ಞಾನೇಶ್ವರನು ಮತ್ತೊಮ್ಮೆ ಒದಗಿದನು. ಒಗೆಯುವವನು ಪರರ ಬಟ್ಟೆಯನ್ನುಟ್ಟರೆ ಮೂರು ಪಣ, ಮಾರಿದರೆ, ಬಾಡಿಗೆಗೋ ಎರವಲಿಗೋ ಕೊಟ್ಟರೆ ಹತ್ತು ಪಣ ದಂಡವೆಂಬ ಯಾಜ್ಞವಲ್ಕ್ಯನ ಶ್ಲೋಕದ ಕೆಳಗೆ, ಬಟ್ಟೆ ನಾಶವಾದರೆ ಎಷ್ಟು ಕೊಡಬೇಕೆಂಬುದನ್ನು ಅವನು ನಾರದನ ಮಾತಿನಿಂದ ತಿಳಿಸುತ್ತಾನೆ. ಒಮ್ಮೆ ಒಗೆದ ಬಟ್ಟೆಯ ಬೆಲೆಯಲ್ಲಿ ಎಂಟನೆಯ ಒಂದು ಭಾಗ ಇಳಿಯುತ್ತದೆ. ಎರಡು ಸಲ ಒಗೆದರೆ ಕಾಲುಭಾಗ, ಮೂರು ಸಲಕ್ಕೆ ಮೂರನೆಯ ಒಂದು, ನಾಲ್ಕು ಸಲಕ್ಕೆ ಅರ್ಧ. ಎಂಟು ಪಣ ಕೊಟ್ಟು ಕೊಂಡು ಒಮ್ಮೆ ಒಗೆಸಿದ ಬಟ್ಟೆ ಹಾಳಾದರೆ ಏಳು ಪಣ ಕೊಡಬೇಕೆಂದು ಅವನೇ ಲೆಕ್ಕ ಬಿಡಿಸಿ ತೋರಿಸುತ್ತಾನೆ. ತೀರ ಜೀರ್ಣವಾದುದಕ್ಕೆ ನಿಯಮವಿಲ್ಲ. ಸವಕಳಿಯೆಂದು ಇಂದಿನ ವಿಮಾ ಕಂಪನಿಗಳು ಹೇಳುವ ಲೆಕ್ಕವನ್ನು ಈ ಸಾಲುಗಳಲ್ಲಿ ಕಂಡಾಗ ನಮಗಾದ ಸಂತೋಷ ಟೈರಿನ ನಷ್ಟವನ್ನು ಒಂದು ಗಳಿಗೆ ಮರೆಸಿತೆಂದರೆ ಅತಿಶಯೋಕ್ತಿಯಲ್ಲ.

ಟೈರಿಗೆ ಒಗೆತದ ಬದಲು ಅಚ್ಚಿನ ಆಳವನ್ನು ಹಿಡಿಯಬೇಕು. ಹೊಸ ಟೈರಿನಲ್ಲಿ ಅದು ಸುಮಾರು 8 ಮಿಲಿಮೀಟರ್, 1.6 ಮಿಲಿಮೀಟರಿಗೆ ಇಳಿದ ಕಾರಿನ ಟೈರು ರಸ್ತೆಗೆ ಯೋಗ್ಯವಲ್ಲ. ಬಳಸಬಹುದಾದ ಆಳ 6.4. ನಮ್ಮದರಲ್ಲಿ 5 ಮಿಲಿಮೀಟರ್ ಉಳಿದಿತ್ತು. ಎಂದರೆ ಬಳಸಲು ಇನ್ನೂ 3.4 ಇತ್ತು, ನೂರಕ್ಕೆ ಐವತ್ತಮೂರು. ನಾರದನ ಲೆಕ್ಕದಲ್ಲಿ ಮೂರನೆಯ ಹಾಗೂ ನಾಲ್ಕನೆಯ ಒಗೆತಗಳ ನಡುವಿನ ಬಟ್ಟೆ. ಕೇಂದ್ರದವರು ಹೊಸ ಟೈರಿನ ಬೆಲೆಯ ಅರ್ಧವನ್ನು ಕೊಡಲೊಪ್ಪಿದರು. ನೂರಕ್ಕೆ ಮೂರರ ವ್ಯತ್ಯಾಸಕ್ಕೆ ನಾವು ಹಟ ಹಿಡಿಯಲಿಲ್ಲ.

ಆದರೆ ಬಟ್ಟೆಯ ನ್ಯಾಯ ಟೈರಿಗೆ ಸಂಪೂರ್ಣವಾಗಿ ಒಗ್ಗುವುದಿಲ್ಲ. ಪಂಚೆ ಒಂಟಿಯಾಗಿ ಬಾಳಬಲ್ಲದು. ಟೈರು ಒಂದೇ ಅಚ್ಚುಮರದ ಎರಡು ತುದಿಗಳಲ್ಲಿ ಜೋಡಿಯಾಗಿ ಉರುಳಬೇಕಾದುದು. ಒಂದರಲ್ಲಿ 8 ಮಿಲಿಮೀಟರ್, ಇನ್ನೊಂದರಲ್ಲಿ 5 ಇದ್ದರೆ ಹಿಡಿತ ಸಮವಾಗಿರದು. ಮಳೆನೀರು ನಿಂತ ರಸ್ತೆಯಲ್ಲಿ ಈ ವ್ಯತ್ಯಾಸ ಹೆಚ್ಚಾಗಿ ತೋರುತ್ತದೆ. ಆದಕಾರಣ ನಾವು ಎರಡು ಟೈರುಗಳನ್ನು ಕೊಳ್ಳಬೇಕಾಯಿತು. ಸರಿಯಾಗಿಯೇ ಇದ್ದ ಎರಡನೆಯದರ ಬೆಲೆ ಯಾರ ಪಾಲಿಗೆ ಬೀಳಬೇಕೆಂಬುದಕ್ಕೆ ಮಿತಾಕ್ಷರದಲ್ಲಿ ನಮಗೆ ಆಧಾರ ಸಿಕ್ಕಿಲ್ಲ. ಕರಾರು ಕಾಯಿದೆಯ 73ನೆಯ ಪ್ರಕರಣದಲ್ಲಿ, ಕರಾರಿನ ಭಂಗದಿಂದ ಸಹಜಕ್ರಮದಲ್ಲಿ ಉಂಟಾದ ನಷ್ಟವೆಂಬ ಮಾತಿನ ಅಡಿಯಲ್ಲಿ, ಅದು ಸೇರಬೇಕೆಂದು ನಮ್ಮ ವಾದ. ಸರ್ವೀಸ್ ಕೇಂದ್ರದವರು ಇದುವರೆಗೆ ಒಪ್ಪಿಲ್ಲ. ಆ ವಿಷಯದಲ್ಲಿ ಪತ್ರವ್ಯವಹಾರ ನಡೆದಿದೆ.